ದೂರು ಕೊಟ್ಟದ್ದಕ್ಕೆ ವರ್ಗಾವಣೆ ಬಂದರೆ ಕೇಸು ಎಲ್ಲಿ ಹಾಕಬೇಕು?

ಸೇವಾ ಕಾನೂನು ಓದುವವರಿಗೆ ಈ ಪ್ರಶ್ನೆ ಎದುರಾಗಿಯೇ ಆಗುತ್ತದೆ. ಸರ್ಕಾರಿ ನೌಕರರೊಬ್ಬರು ಮೇಲಧಿಕಾರಿಯ ಅಕ್ರಮದ ಬಗ್ಗೆ ಬರೆದುಕೊಡುತ್ತಾರೆ. ಸ್ವಲ್ಪ ದಿನದಲ್ಲೇ ದೂರದ ಊರಿಗೆ ವರ್ಗಾವಣೆ ಆದೇಶ ಬರುತ್ತದೆ. ಅವರು ಎಲ್ಲಿಗೆ ಹೋಗಬೇಕು? ಕೇಳಿದರೆ ಒಬ್ಬರು ಹೈಕೋರ್ಟ್ ಅಂತಾರೆ, ಇನ್ನೊಬ್ಬರು ಲೋಕಾಯುಕ್ತ, ಮತ್ತೊಬ್ಬರು ಮಾನವ ಹಕ್ಕುಗಳ ಆಯೋಗ.

ಮೊದಲು ಒಂದು ವಿಷಯ ತಲೆಯಲ್ಲಿ ಇಟ್ಟುಕೊಳ್ಳಿ. ಸೇಡು ತೀರಿಸಿಕೊಂಡರು ಅನ್ನುವುದೇ ನಮ್ಮ ಸೇವಾ ಕಾನೂನಿನಲ್ಲಿ ಒಂದು ಪ್ರತ್ಯೇಕ ಕೇಸು ಅಲ್ಲ. ಪ್ರಶ್ನೆ ಮಾಡಬೇಕಾದ್ದು ಕೈಗೆ ಬಂದಿರುವ ಆದೇಶವನ್ನು. ವರ್ಗಾವಣೆ, ಅಮಾನತು, ಬಡ್ತಿ ನಿರಾಕರಣೆ, ಇಲಾಖಾ ವಿಚಾರಣೆ, ಏನೇ ಇರಲಿ, ಸೇಡು ಅನ್ನುವುದು ಆ ಆದೇಶವನ್ನು ರದ್ದು ಮಾಡಿಸಲು ಕೊಡುವ ಕಾರಣ. ಕಾನೂನಿನ ಭಾಷೆಯಲ್ಲಿ ದುರುದ್ದೇಶ. ಹಾಗಾಗಿ ಎಲ್ಲಿ ಹೋಗಬೇಕು ಅನ್ನುವುದನ್ನು ಎಷ್ಟು ಅನ್ಯಾಯ ಆಯಿತು ಅನ್ನುವುದು ತೀರ್ಮಾನಿಸುವುದಿಲ್ಲ. ನೀವು ಯಾರ ನೌಕರ, ಬಂದಿರುವ ಆದೇಶ ಯಾವುದು, ಈ ಎರಡೇ ತೀರ್ಮಾನಿಸುತ್ತವೆ.

ಯಾರ ನೌಕರ ಅನ್ನುವುದನ್ನು ಮೊದಲು ನೋಡೋಣ. ಕರ್ನಾಟಕ ಸರ್ಕಾರದ ನೌಕರರಾದರೆ ರಾಜ್ಯ ಆಡಳಿತ ನ್ಯಾಯಮಂಡಳಿ, ಅಂದರೆ ಕೆಎಟಿ. ಇದು ಸಂವಿಧಾನದ 323ಎ ವಿಧಿ ಮತ್ತು 1985ರ ಆಡಳಿತ ನ್ಯಾಯಮಂಡಳಿಗಳ ಕಾಯ್ದೆಯಡಿ 1986ರಲ್ಲಿ ಶುರುವಾಯಿತು. ಬೆಂಗಳೂರಿನ ಜೊತೆಗೆ ಬೆಳಗಾವಿ ಮತ್ತು ಕಲಬುರಗಿಯಲ್ಲೂ ಪೀಠಗಳಿವೆ. ಅಂಚೆ, ರೈಲ್ವೆ, ಆದಾಯ ತೆರಿಗೆಯಂಥ ಕೇಂದ್ರ ಸರ್ಕಾರದ ನೌಕರರಾದರೆ ಕೇಂದ್ರ ಆಡಳಿತ ನ್ಯಾಯಮಂಡಳಿ, ಸಿಎಟಿ.

ಇಲ್ಲಿ ಪರೀಕ್ಷೆಯಲ್ಲಿ ಸಿಕ್ಕಿಹಾಕಿಸುವ ಒಂದು ಜಾಗ ಇದೆ. ಕರ್ನಾಟಕ ಕೇಡರ್‌ನ ಐಎಎಸ್ ಅಧಿಕಾರಿಯನ್ನು ರಾಜ್ಯ ಸರ್ಕಾರವೇ ಎತ್ತಂಗಡಿ ಮಾಡಿದರೂ ಅವರು ಹೋಗುವುದು ಸಿಎಟಿಗೆ. ಐಎಎಸ್ ಅಖಿಲ ಭಾರತ ಸೇವೆ, ಅದಕ್ಕೇ. ಅದೇ ಜಿಲ್ಲೆಯ ಕೆಎಎಸ್ ಅಧಿಕಾರಿ ಕೆಎಟಿಗೆ ಹೋಗಬೇಕು. ಕೋರ್ಟ್ ಸಿಬ್ಬಂದಿ, ಶಾಸಕಾಂಗ ಸಚಿವಾಲಯದ ಸಿಬ್ಬಂದಿ ಈ ಕಾಯ್ದೆಯ ಹೊರಗೆ. ಅವರಿಗೆ ಹೈಕೋರ್ಟ್ ರಿಟ್, ಅಂದರೆ ಆದೇಶವನ್ನು ಪ್ರಶ್ನಿಸಿ ನೇರ ಹೈಕೋರ್ಟ್‌ಗೆ ಹಾಕುವ ಅರ್ಜಿ. ಸರ್ಕಾರಿ ಬ್ಯಾಂಕ್ ಅಧಿಕಾರಿಗಳಿಗೂ ಅದೇ ದಾರಿ. ನಿಗಮ, ಮಂಡಳಿಗಳು ತಾವಾಗಿಯೇ ನ್ಯಾಯಮಂಡಳಿಯ ಒಳಗೆ ಬರುವುದಿಲ್ಲ, ಸರ್ಕಾರ ಅಧಿಸೂಚನೆ ಹೊರಡಿಸಿರಬೇಕು. ಬಿಎಸ್‌ಎನ್‌ಎಲ್ ಹಾಗೆ ಸಿಎಟಿ ವ್ಯಾಪ್ತಿಗೆ ಬಂದದ್ದು. ಸಾರಿಗೆ ನಿಗಮದ ಚಾಲಕ, ನಿರ್ವಾಹಕರಿಗೆ ಕಾರ್ಮಿಕ ನ್ಯಾಯ ವ್ಯವಸ್ಥೆಯ ದಾರಿ ಬೇರೆಯೇ ಇದೆ. ಪಕ್ಕದ ತಮಿಳುನಾಡಿನಲ್ಲಿ ರಾಜ್ಯ ನ್ಯಾಯಮಂಡಳಿಯೇ ಈಗ ಇಲ್ಲ, ಅಲ್ಲಿನ ರಾಜ್ಯ ನೌಕರರು ನೇರ ಹೈಕೋರ್ಟ್‌ಗೆ ಹೋಗುತ್ತಾರೆ. ಅಲ್ಲಿಯ ತೀರ್ಪು ಓದುವಾಗ ಇದು ನೆನಪಿರಲಿ.

ರಾಜ್ಯ ನೌಕರ ಸುಮ್ನೆ ನೇರ ಹೈಕೋರ್ಟ್‌ಗೇ ಹೋದರೆ ಏನು ತಪ್ಪು ಅಂತ ಕೇಳಬಹುದು. ಎಲ್. ಚಂದ್ರಕುಮಾರ್ ಪ್ರಕರಣದಲ್ಲಿ 1997ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರ ಕೊಟ್ಟಿದೆ. ಹೈಕೋರ್ಟ್‌ನ ರಿಟ್ ಅಧಿಕಾರವನ್ನು ಕಿತ್ತುಕೊಳ್ಳಲು ಆಗದು. ಆದರೆ ನ್ಯಾಯಮಂಡಳಿಯೇ ಮೊದಲ ಮೆಟ್ಟಿಲು. ಅಲ್ಲಿ ಸೋತರೆ ಹೈಕೋರ್ಟ್‌ನ ವಿಭಾಗೀಯ ಪೀಠ. ಮೊದಲ ಮೆಟ್ಟಿಲು ಬಿಟ್ಟು ಹತ್ತಿದರೆ ಅರ್ಜಿ ವಾಪಸ್ ಬರುತ್ತದೆ, ಅಷ್ಟೊತ್ತಿಗೆ ತಿಂಗಳುಗಳು ಕಳೆದಿರುತ್ತವೆ.

ಇನ್ನು ಆದೇಶ ಯಾವುದು ಅನ್ನುವುದು. ಒಂದು ಕಲ್ಪಿತ ಉದಾಹರಣೆ ಇಟ್ಟುಕೊಳ್ಳೋಣ. ಪಾವಗಡದ ಕಚೇರಿಯೊಂದರಲ್ಲಿ ಒಬ್ಬ ಪ್ರಥಮ ದರ್ಜೆ ಸಹಾಯಕಿ. ಆಗದ ಕೆಲಸಕ್ಕೆ ಬಿಲ್ ಮಾಡಲು ಒಪ್ಪದೆ ಕಡತದಲ್ಲೇ ಆಕ್ಷೇಪ ಬರೆದರು. ಅವಧಿ ಮುಗಿಯುವ ಮೊದಲೇ ಔರಾದ್‌ಗೆ ವರ್ಗ. ಆದೇಶದಲ್ಲಿ ಬಿಲ್ಲಿನ ಮಾತೇ ಇಲ್ಲ. ‘ಸಾರ್ವಜನಿಕ ಹಿತದೃಷ್ಟಿಯಿಂದ, ತಕ್ಷಣದಿಂದ ಜಾರಿಗೆ ಬರುವಂತೆ, ಮುಂದಿನ ಆದೇಶದವರೆಗೆ’ ಅಂತ ಅದೇ ಹಳೆಯ ಸಾಲು.

ಈ ಸಾಲಿನ ಹಿಂದೆ ಏನಿದೆ ಅಂತ ತೋರಿಸುವುದೇ ಇಡೀ ಕೇಸು. ಇದು ಸುಲಭ ಅಲ್ಲ. ವರ್ಗಾವಣೆ ಸೇವೆಯ ಸಹಜ ಭಾಗ, ದುರುದ್ದೇಶ ಅಥವಾ ಶಾಸನದ ಉಲ್ಲಂಘನೆ ಇದ್ದರೆ ಮಾತ್ರ ಕೈ ಹಾಕಬೇಕು ಅಂತ ಎಸ್.ಎಲ್. ಅಬ್ಬಾಸ್ ಪ್ರಕರಣ (1993) ಹೇಳುತ್ತದೆ. ದುರುದ್ದೇಶ ಸಾಬೀತು ಮಾಡುವ ಹೊರೆ ಭಾರವಾದದ್ದು, ಅದು ಆರೋಪ ಮಾಡಿದವರ ಮೇಲೆಯೇ ಇದೆ ಅಂತ ರಾಯಪ್ಪ ಪ್ರಕರಣ (1974) ಹೇಳುತ್ತದೆ. ಇಂಥ ಅಧಿಕಾರಿಯೇ ಸೇಡಿನಿಂದ ಮಾಡಿಸಿದರು ಅನ್ನುವುದಾದರೆ ಅವರನ್ನು ಹೆಸರು ಹಿಡಿದು ಪ್ರತಿವಾದಿ ಮಾಡಲೇಬೇಕು. ಹುದ್ದೆಯ ಹೆಸರು ಸಾಲದು. ಭಯದಿಂದ ಇದನ್ನು ಬಿಟ್ಟು ಬಿಡುವವರು ತುಂಬ ಜನ. ಬಿಟ್ಟರೆ ಆ ವಾದವೇ ಬಿದ್ದು ಹೋಗುತ್ತದೆ.

ಆದರೆ ಇನ್ನೊಂದು ದಾರಿ ಇದೆ, ನನಗೆ ಅದೇ ಗಟ್ಟಿ ಅನ್ನಿಸುತ್ತದೆ. ವೈಯಕ್ತಿಕ ದ್ವೇಷ ತೋರಿಸಲು ಆಗದಿದ್ದರೂ ಆದೇಶ ಹೊರಡಿಸಿದ ಕಾರಣ ಕಾನೂನಿಗೆ ಸಂಬಂಧವೇ ಇಲ್ಲದ್ದು ಅಂತ ತೋರಿಸಬಹುದು. ಸೋಮೇಶ್ ತಿವಾರಿ ಪ್ರಕರಣದಲ್ಲಿ (2009) ಅನಾಮಧೇಯ ದೂರಿನ ಮೇಲೆ ವರ್ಗ ಮಾಡಿದ್ದರು. ತನಿಖೆಯಲ್ಲಿ ಆ ದೂರಿನಲ್ಲಿ ಹುರುಳಿಲ್ಲ ಅಂತ ಗೊತ್ತಾಗಿತ್ತು. ಶಿಕ್ಷೆಯ ಬದಲಿಗೆ ವರ್ಗಾವಣೆ ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ಆದೇಶ ರದ್ದು ಮಾಡಿತು.

ಪಂಜಾಬ್ ಅಂಡ್ ಸಿಂಧ್ ಬ್ಯಾಂಕ್ ಪ್ರಕರಣ (2020) ಇನ್ನೂ ಹತ್ತಿರದ್ದು. ಇಂದೋರ್ ಶಾಖೆಯ ಹಿರಿಯ ಮಹಿಳಾ ಅಧಿಕಾರಿ ಅಕ್ರಮಗಳ ಬಗ್ಗೆ ಬರೆದರು, ಲೈಂಗಿಕ ಕಿರುಕುಳದ ದೂರನ್ನೂ ಕೊಟ್ಟರು. ಅವರನ್ನು ಜಬಲ್ಪುರ ಜಿಲ್ಲೆಯ ಒಂದು ಶಾಖೆಗೆ ಹಾಕಿದರು. ಅವರು ನಾಲ್ಕನೇ ಶ್ರೇಣಿಯ ಅಧಿಕಾರಿ, ಆ ಶಾಖೆ ಮೊದಲ ಶ್ರೇಣಿಯವರಿಗೆ ಮೀಸಲಾದದ್ದು. ದೂರಿನ ಬೆನ್ನಲ್ಲೇ ಬಂದ ಆದೇಶ, ಶ್ರೇಣಿಗೆ ಹೊಂದದ ಜಾಗ, ಇವೆರಡೂ ಸೇರಿ ಬಲಿಪಶು ಮಾಡಿದ್ದು ಎದ್ದು ಕಂಡಿತು. ಸುಪ್ರೀಂ ಕೋರ್ಟ್ ವರ್ಗಾವಣೆ ರದ್ದು ಮಾಡಿದ್ದನ್ನು ಎತ್ತಿಹಿಡಿದು, ಅವರಿಗೆ 50 ಸಾವಿರ ರೂಪಾಯಿ ಖರ್ಚನ್ನೂ ಕೊಡಿಸಿತು. ಬ್ಯಾಂಕ್ ಆದ್ದರಿಂದ ಕೇಸು ಶುರುವಾದದ್ದು ಹೈಕೋರ್ಟ್ ರಿಟ್‌ನಲ್ಲಿ, ನ್ಯಾಯಮಂಡಳಿಯಲ್ಲಿ ಅಲ್ಲ.

ಇಂಥ ಸಾಕ್ಷ್ಯ ನಮ್ಮ ಪಾವಗಡದ ಸಹಾಯಕಿಗೆ ಎಲ್ಲಿ ಸಿಗುತ್ತದೆ? ಮಾಹಿತಿ ಹಕ್ಕಿನಲ್ಲಿ ವರ್ಗಾವಣೆ ಕಡತದ ಟಿಪ್ಪಣಿ ಹಾಳೆ ಕೇಳಬೇಕು. ಆದೇಶ ಒಂದೇ ಪುಟ ಇರುತ್ತದೆ. ಟಿಪ್ಪಣಿ ಹಾಳೆಯಲ್ಲಿ ಪ್ರಸ್ತಾವನೆ ಯಾವ ದಿನ ಶುರುವಾಯಿತು, ಯಾರು ಎಬ್ಬಿಸಿದರು, ಶಾಸಕರ ಪತ್ರ ಲಗತ್ತಿಸಿದೆಯಾ, ಅವಧಿಪೂರ್ವ ವರ್ಗಕ್ಕೆ ಬೇಕಾದ ಮುಖ್ಯಮಂತ್ರಿಗಳ ಅನುಮೋದನೆ ಮೊದಲೇ ಸಿಕ್ಕಿದೆಯಾ, ಎಲ್ಲ ದಿನಾಂಕದ ಸಮೇತ ಇರುತ್ತದೆ. ಆಕ್ಷೇಪ ಬರೆದ ದಿನ ಮತ್ತು ಪ್ರಸ್ತಾವನೆ ಎದ್ದ ದಿನ ಅಕ್ಕಪಕ್ಕ ಇಟ್ಟು ತೋರಿಸಿದರೆ ಅದಕ್ಕಿಂತ ಒಳ್ಳೆಯ ವಾದ ಬೇರೆ ಬೇಡ.

ಬೇರೆ ಆದೇಶಗಳ ಬಗ್ಗೆ ಚುಟುಕಾಗಿ. ಅಮಾನತಾದರೆ ಅಜಯ್ ಕುಮಾರ್ ಚೌಧರಿ ಪ್ರಕರಣ (2015) ಓದಿ. ಮೂರು ತಿಂಗಳೊಳಗೆ ಆರೋಪಪಟ್ಟಿ ಕೊಡದಿದ್ದರೆ ಅಮಾನತು ಮುಂದುವರಿಸಬಾರದು ಅಂತ ಅದರಲ್ಲಿದೆ. ಬರೀ ಆರೋಪಪಟ್ಟಿ ಬಂದಿದ್ದರೆ ಅದನ್ನು ಆ ಹಂತದಲ್ಲೇ ರದ್ದು ಮಾಡಿಸುವುದು ಕಷ್ಟ. ವಿಚಾರಣೆ ಎದುರಿಸಿ ಅಂತಾರೆ.

ಆಯೋಗಗಳ ಕತೆ? ವರ್ಗಾವಣೆ, ಶಿಸ್ತುಕ್ರಮದಂಥ ಸೇವಾ ವಿಷಯಗಳು ಲೋಕಾಯುಕ್ತದ ಕುಂದುಕೊರತೆ ವ್ಯಾಪ್ತಿಯಲ್ಲಿ ಇಲ್ಲ. ಪರಿಶಿಷ್ಟ ಜಾತಿಗಳ ರಾಷ್ಟ್ರೀಯ ಆಯೋಗ ವಿಚಾರಣೆ ಮಾಡಬಹುದು, ಆದರೆ ತಡೆಯಾಜ್ಞೆ ಕೊಡಲಾರದು, 1996ರಲ್ಲೇ ಸುಪ್ರೀಂ ಕೋರ್ಟ್ ಹೀಗೆ ಹೇಳಿದೆ. ಭ್ರಷ್ಟಾಚಾರ ಬಯಲು ಮಾಡಿದವರ ರಕ್ಷಣೆಗೆ 2014ರಲ್ಲಿ ಕಾಯ್ದೆ ಪಾಸಾಯಿತು, ಜಾರಿಗೆ ತಂದಿಲ್ಲ. ಇದು ನಿಜಕ್ಕೂ ಬೇಸರದ ಸಂಗತಿ. ಕೇಂದ್ರ ನೌಕರರಿಗೆ ಮಾತ್ರ 2004ರ ಸರ್ಕಾರಿ ನಿರ್ಣಯದ ಆಸರೆ ಇದೆ. ಅದರಡಿ ದೂರು ಕೊಟ್ಟು ಕಿರುಕುಳಕ್ಕೆ ಒಳಗಾದವರು ಕೇಂದ್ರ ಜಾಗೃತ ಆಯೋಗವನ್ನು ಕೇಳಬಹುದು. ಲೈಂಗಿಕ ಕಿರುಕುಳದ ದೂರು 2013ರ ಕಾಯ್ದೆಯ ಆಂತರಿಕ ಸಮಿತಿಗೇ ಹೋಗಬೇಕು, ಘಟನೆಯಾದ ಮೂರು ತಿಂಗಳೊಳಗೆ. ಸಕಾರಣ ಇದ್ದರೆ ಸಮಿತಿ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು. ಆ ದೂರಿಗೆ ಪ್ರತೀಕಾರವಾಗಿ ವರ್ಗ ಆದರೆ ವರ್ಗಾವಣೆಯ ಕೇಸು ಪ್ರತ್ಯೇಕ, ರಾಜ್ಯ ನೌಕರರಾದರೆ ಕೆಎಟಿಯಲ್ಲಿ. ಎರಡೂ ಜೊತೆಜೊತೆಗೆ ನಡೆಯಬಹುದು.

ಎಲ್ಲಕ್ಕಿಂತ ಜಾಸ್ತಿ ಕೇಸುಗಳು ಸೋಲುವುದು ಕಾಲಮಿತಿಯಲ್ಲಿ ಅಂತ ನನ್ನ ಅನಿಸಿಕೆ. 1985ರ ಆಡಳಿತ ನ್ಯಾಯಮಂಡಳಿಗಳ ಕಾಯ್ದೆಯ 20ನೇ ಕಲಂ ಪ್ರಕಾರ ಸಾಮಾನ್ಯವಾಗಿ ಇಲಾಖೆಯೊಳಗಿನ ಮೇಲ್ಮನವಿ ಮುಗಿಸಿ ಬರಬೇಕು. 21ನೇ ಕಲಂ ಪ್ರಕಾರ ಅಂತಿಮ ಆದೇಶದಿಂದ ಒಂದು ವರ್ಷ. ಮೇಲ್ಮನವಿಗೆ ಉತ್ತರವೇ ಬರದಿದ್ದರೆ ಆರು ತಿಂಗಳು ಕಾಯಬೇಕು, ಅದು ಮುಗಿದ ಮೇಲೆ ಒಂದು ವರ್ಷ. 2024ರ ಫೆಬ್ರವರಿ 1ರಂದು ಕೊಟ್ಟ ಮೇಲ್ಮನವಿಗೆ ಉತ್ತರ ಇಲ್ಲ ಅಂದರೆ 2025ರ ಆಗಸ್ಟ್ ಆರಂಭದವರೆಗೆ ಸಮಯ. ಆಮೇಲೆ ಹತ್ತು ಮನವಿ ಕೊಟ್ಟರೂ ಗಡಿಯಾರ ನಿಲ್ಲುವುದಿಲ್ಲ. ಎಸ್.ಎಸ್. ರಾಥೋರ್ ಪ್ರಕರಣದಲ್ಲಿ (1989) ಏಳು ನ್ಯಾಯಮೂರ್ತಿಗಳ ಪೀಠ ಇದನ್ನು ಖಡಾಖಂಡಿತವಾಗಿ ಹೇಳಿದೆ. ಯಾವುದೋ ಆಯೋಗದ ಉತ್ತರ ಕಾಯುತ್ತ ಕೂತ ಸಮಯವನ್ನೂ ತಾನಾಗಿಯೇ ಯಾರೂ ಬಿಟ್ಟುಕೊಡುವುದಿಲ್ಲ. ವಿಳಂಬ ಮನ್ನಾ ಅರ್ಜಿ ಹಾಕಬಹುದು, ಕಾರಣ ಗಟ್ಟಿ ಇರಬೇಕು.

ವರ್ಗಾವಣೆಯಲ್ಲಿ ಆರು ತಿಂಗಳು ಕಾದರೆ ಅರ್ಥವೇ ಇಲ್ಲ, ಅಲ್ವಾ? ಅದಕ್ಕೇ 20ನೇ ಕಲಂನಲ್ಲಿರುವ ‘ಸಾಮಾನ್ಯವಾಗಿ’ ಅನ್ನುವ ಮಾತನ್ನು ಹಿಡಿದು ತುರ್ತು ಕಾರಣ ವಿವರಿಸಿ ಬೇಗ ಅರ್ಜಿ ಹಾಕಬೇಕು. ಆಗುವುದಾದರೆ ಹಳೆಯ ಹುದ್ದೆಯಿಂದ ಬಿಡುಗಡೆ ಆಗುವ ಮೊದಲೇ. 24ನೇ ಕಲಂ ಪ್ರಕಾರ ಎದುರು ಪಕ್ಷಕ್ಕೆ ಪ್ರತಿ ಕೊಟ್ಟು, ಅವರ ಮಾತು ಕೇಳಿದ ಮೇಲೆಯೇ ಮಧ್ಯಂತರ ತಡೆ. ವಿಶೇಷ ಕಾರಣಕ್ಕೆ ಅವರ ಮಾತು ಕೇಳದೆಯೇ ಕೊಟ್ಟರೂ ಆ ತಡೆಗೆ 14 ದಿನ ಮಾತ್ರ ಆಯಸ್ಸು, ಅಷ್ಟರೊಳಗೆ ಆ ಷರತ್ತುಗಳನ್ನು ಪೂರೈಸಬೇಕು.

ತಡೆ ಸಿಗದಿದ್ದರೆ? ಕೇಸು ಇದೆ ಅಂತ ಮನೆಯಲ್ಲಿ ಕೂರಬಾರದು. ವರ್ಗಾವಣೆ ಆದೇಶ ಪಾಲಿಸಲೇಬೇಕು, ಮನವಿ ಬಾಕಿ ಇದೆ ಅನ್ನುವುದು ನೆಪ ಆಗುವುದಿಲ್ಲ ಅಂತ ಗುಜರಾತ್ ವಿದ್ಯುತ್ ಮಂಡಳಿಯ ಪ್ರಕರಣದಲ್ಲಿ (1989) ಸುಪ್ರೀಂ ಕೋರ್ಟ್ ಹೇಳಿದೆ. ಆ ನೌಕರ ಕೆಲಸವನ್ನೇ ಕಳೆದುಕೊಂಡರು. ಅನಧಿಕೃತ ಗೈರುಹಾಜರಿ ಅನ್ನುವ ಹೊಸ ಆರೋಪವನ್ನು ನಾವಾಗಿಯೇ ಎದುರಾಳಿಯ ಕೈಗೆ ಕೊಟ್ಟ ಹಾಗೆ ಆಗುತ್ತದೆ. ಪಾವಗಡದ ಸಹಾಯಕಿ ಔರಾದ್‌ಗೆ ಹೋಗಿ ಹಾಜರಾಗಲಿ. ಹಾಜರಾತಿ ವರದಿಯಲ್ಲೇ ‘ಅರ್ಜಿಯ ತೀರ್ಪಿಗೆ ಒಳಪಟ್ಟು’ ಅಂತ ಒಂದು ಸಾಲು ಬರೆದು ಸಹಿ ಹಾಕಲಿ, ಅದರ ಸ್ವೀಕೃತಿ ಪ್ರತಿಯನ್ನು ತಮ್ಮ ಬಳಿ ಇಟ್ಟುಕೊಳ್ಳಲಿ.