ಬ್ರುಸೆಲ್ಲಾ ಲ್ಯಾಬಿನ ಕಣ್ಣು ತಪ್ಪಿಸುವುದು ಹೇಗೆ

ಚಳ್ಳಕೆರೆ, ಹಿರಿಯೂರು ಕಡೆಯ ರೊಪ್ಪಗಳಲ್ಲಿ ಕುರಿ ಕಂದು ಹಾಕಿದರೆ ಮಾಸು ತೆಗೆಯುವುದು ಸಾಮಾನ್ಯವಾಗಿ ಬರಿಗೈಯಲ್ಲೇ. ವಾರಗಳ ನಂತರ ಕುರಿಗಾಹಿಗೆ ಬಿಟ್ಟುಬಿಟ್ಟು ಜ್ವರ, ರಾತ್ರಿ ಬೆವರು, ಸೊಂಟನೋವು ಬಂದರೆ ಮೊದಲು ಟೈಫಾಯ್ಡ್, ಆಮೇಲೆ ಟಿಬಿ ಎಂದು ಹುಡುಕುತ್ತಾರೆ. ಕುರಿ-ಮೇಕೆಗಳಿಂದ ಮನುಷ್ಯರಿಗೆ ತಗಲುವ ಬ್ರುಸೆಲ್ಲಾ ಎಂಬ ಬ್ಯಾಕ್ಟೀರಿಯಾ ನೆನಪಾಗುವುದು ಕೊನೆಗೆ.

ರೋಗಾಣು ಹೊಸದೇನಲ್ಲ. 1887ರಲ್ಲಿ ಬ್ರಿಟಿಷ್ ಸೇನಾ ವೈದ್ಯ ಡೇವಿಡ್ ಬ್ರೂಸ್ ಮಾಲ್ಟಾ ದ್ವೀಪದಲ್ಲಿ ಸತ್ತ ಸೈನಿಕರ ಗುಲ್ಮದಿಂದ ಅದನ್ನು ಬೆಳೆಸಿದ್ದರು. 1897ರಲ್ಲಿ ಇನ್ನೊಬ್ಬ ಬ್ರಿಟಿಷ್ ವೈದ್ಯ ಆಲ್ಮ್ರಾತ್ ರೈಟ್ ಅಗ್ಲುಟಿನೇಷನ್ ಪರೀಕ್ಷೆ ತಂದರು: ರಕ್ತದಲ್ಲಿ ಈ ರೋಗಾಣುವಿನ ಆ್ಯಂಟಿಬಾಡಿ ಇದ್ದರೆ ರೋಗಾಣುಗಳು ಗರಣೆ ಕಟ್ಟುತ್ತವೆ. 1905ರಲ್ಲಿ ಮಾಲ್ಟಾದ ವೈದ್ಯ ಝಮ್ಮಿತ್ ಅದನ್ನೇ ಮೇಕೆಗಳ ರಕ್ತಕ್ಕೆ ಹಚ್ಚಿ ರೋಗದ ಮೂಲ ಹಿಡಿದರು.

ಇಂದಿನ ರೋಸ್ ಬೆಂಗಾಲ್ ಪರೀಕ್ಷೆ ಅದರದೇ ಸಂತಾನ: 30 ಮೈಕ್ರೋಲೀಟರ್ ಸೀರಮ್ (ರಕ್ತದ ತಿಳಿ), ಅಷ್ಟೇ ಆ್ಯಂಟಿಜೆನ್ (ಬಣ್ಣ ಹಚ್ಚಿದ ಸತ್ತ ರೋಗಾಣು), 4 ನಿಮಿಷ ಅಲುಗಾಡಿಸಿ ನೋಡುವುದು. ಹೆಚ್ಚು ಹೊತ್ತು ಬಿಟ್ಟರೆ ಹನಿ ಒಣಗಿ ಗರಣೆಯಂತೆ ಕಾಣುತ್ತದೆ. ಕುರಿಗಳ ನಡುವೆ ಬದುಕುವವರಲ್ಲಿ ಹಳೆಯ ಸೋಂಕಿನ ಆ್ಯಂಟಿಬಾಡಿಯೂ ಪಾಸಿಟಿವ್ ತೋರಿಸಬಹುದು, ಹಾಗಾಗಿ ಸೀರಮನ್ನು ಹಂತಹಂತವಾಗಿ ತೆಳುಮಾಡಿ ನೋಡುವ ಟ್ಯೂಬ್ ಪರೀಕ್ಷೆ ಬೇಕು. ಅಲ್ಲೂ 1:160ಕ್ಕೆ (160 ಪಟ್ಟು ತೆಳು) ನಿಲ್ಲಿಸಬಾರದು. ಆ್ಯಂಟಿಬಾಡಿ ವಿಪರೀತ ಇದ್ದಾಗ ಮೊದಲ ಟ್ಯೂಬುಗಳಲ್ಲಿ ಗರಣೆ ಕಟ್ಟುವುದೇ ಇಲ್ಲ. 1:1280ರವರೆಗೆ ತೆಳುಮಾಡಿದರೆ ಕಾಣುತ್ತದೆ.

ಖಚಿತ ಉತ್ತರ ಕಲ್ಚರಿನದು, ಅಂದರೆ ರಕ್ತದಲ್ಲಿನ ರೋಗಾಣುವನ್ನೇ ಬೆಳೆಸಿ ನೋಡುವುದು. 1947ರ ಕ್ಯಾಸ್ಟನೆಡ ಬಾಟಲಿಯ ಒಂದು ಮಗ್ಗುಲಲ್ಲಿ ಅಗರ್ (ರೋಗಾಣು ಬೆಳೆಸುವ ಗಟ್ಟಿ ಲೋಳೆ), ತಳದಲ್ಲಿ ದ್ರವ ಮಾಧ್ಯಮ. ಬಾಟಲಿ ಓರೆ ಮಾಡಿ ದ್ರವವನ್ನು ಅಗರಿನ ಮೇಲೆ ಹಾಯಿಸಿದರಾಯಿತು, ಮುಚ್ಚಳ ತೆಗೆಯಬೇಕಿಲ್ಲ. ಜಾಣ ಉಪಾಯ, ಆದರೆ ಮೂರ್ನಾಲ್ಕು ವಾರ ಕಾಯಬೇಕಿತ್ತು. ಈಗಿನ ಯಂತ್ರಗಳು ಸಾಮಾನ್ಯವಾಗಿ ವಾರದೊಳಗೆ ಬೆಳವಣಿಗೆಯ ಸೂಚನೆ ಕೊಡುತ್ತವೆ.

ಎಡವುವುದು ಅದರ ನಂತರ. ಬ್ಯಾಕ್ಟೀರಿಯಾಕ್ಕೆ ಬಣ್ಣ ಹಚ್ಚಿ ನೋಡುವ ಗ್ರಾಮ್ ಸ್ಟೇನಿನಲ್ಲಿ ಬ್ರುಸೆಲ್ಲಾ ಸಣ್ಣ ಮರಳು ಚೆಲ್ಲಿದಂತೆ ಮಸುಕಾಗಿ ಕಾಣುತ್ತದೆ. ಸ್ಯಾಫ್ರನಿನ್ ಎಂಬ ಕೆಂಪು ಬಣ್ಣವನ್ನು ತುಸು ಹೆಚ್ಚು ಹೊತ್ತು ಇಡಬೇಕು. ಮ್ಯಾಕಾಂಕಿ ಎಂಬ ಅಗರಿನಲ್ಲಿ ಸಾಮಾನ್ಯವಾಗಿ ಬೆಳೆಯದು. ಬ್ಲಡ್ ಅಗರಿನಲ್ಲಿ ಕಾಲೊನಿ ಎದ್ದು ಕಾಣಲು 48 ಗಂಟೆ ಬೇಕು, 24 ಗಂಟೆಗೇ ಪ್ಲೇಟ್ ಎಸೆದರೆ ಮುಗಿಯಿತು. ಗುರುತಿಸುವ ಕಿಟ್ಟುಗಳು ಇದನ್ನು ಓಕ್ರೋಬ್ಯಾಕ್ಟ್ರಮ್ ಎಂಬ ಹತ್ತಿರದ ಬ್ಯಾಕ್ಟೀರಿಯಾ ಎಂದುಬಿಡುವುದುಂಟು (2020ರಲ್ಲಿ ಅದನ್ನೂ ಬ್ರುಸೆಲ್ಲಾ ಕುಲಕ್ಕೇ ಸೇರಿಸಿ ವರ್ಗೀಕರಣದವರು ಗೊಂದಲ ಹೆಚ್ಚಿಸಿದರು). ದತ್ತಾಂಶದಲ್ಲಿ ಬ್ರುಸೆಲ್ಲಾ ಇಲ್ಲದಿದ್ದರೆ ಪ್ರೋಟೀನುಗಳ ತೂಕದಿಂದ ರೋಗಾಣು ಗುರುತಿಸುವ ಮಾಲ್ಡಿ-ಟಾಫ್ ಯಂತ್ರವೂ ತಪ್ಪುತ್ತದೆ. ಆಕ್ಸಿಡೇಸ್ ಕಿಣ್ವದ ಪರೀಕ್ಷೆ ಪಾಸಿಟಿವ್, ಯೂರಿಯಾ ಒಡೆಯುವ ಪರೀಕ್ಷೆ ಕೆಲವೊಮ್ಮೆ 15 ನಿಮಿಷದಲ್ಲೇ ಗುಲಾಬಿ: ಇವೆರಡು ಕಂಡರೆ ಕಿಟ್ಟನ್ನು ಬದಿಗಿಟ್ಟು ಪಿಸಿಆರ್‌ಗೆ ಕಳುಹಿಸುವುದು ಲೇಸು.

ಈ ರೋಗಾಣು ಉಸಿರಿನ ಮೂಲಕ ಲ್ಯಾಬಿನವರಿಗೂ ತಗಲಬಲ್ಲದು. ರಕ್ತದ ಜೊತೆ ಬರುವ ಚೀಟಿಯಲ್ಲಿ ‘ಕುರಿ ಸಾಕಣೆ’ ಎಂದು ವೈದ್ಯರು ಬರೆದಿದ್ದರೆ ಬಾಟಲಿಯನ್ನು ಸುರಕ್ಷತಾ ಕ್ಯಾಬಿನೆಟ್‌ನಲ್ಲೇ ತೆರೆಯುತ್ತಾರೆ, ಪ್ಲೇಟ್ ಮೂಸುವುದಿಲ್ಲ. ಬರೆಯದಿದ್ದರೆ ತೆರೆದ ಮೇಜಿನ ಮೇಲೆ ಕೆಲಸ ಮಾಡಿದವರು ಡಾಕ್ಸಿಸೈಕ್ಲಿನ್, ರಿಫಾಂಪಿಸಿನ್ ಮಾತ್ರೆಗಳನ್ನು 3 ವಾರ ನುಂಗಿ, 24 ವಾರಗಳವರೆಗೆ ತಮ್ಮದೇ ಸೀರಮ್ ಪರೀಕ್ಷಿಸಿಕೊಳ್ಳುತ್ತಿರಬೇಕಾಗುತ್ತದೆ.