ಪಹಣಿಲಿ ಹೆಸರಿದ್ದವ್ರಿಗೆ ಟ್ರೇನಿಂಗು

ಶಿರಸಿ ಕಡೆ ಅಡಿಕೆ ಕೊಳೆರೋಗದ ತರಬೇತಿ ಅಂದ್ರೆ ಅದಕ್ಕೆ ಹೊಡೆಯೋ ಬೋರ್ಡೋ ಮದ್ದಿನ ಮಾತು ಬಂದೇ ಬರ್ತದೆ. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ಎರಡನ್ನೂ ಬೇರೆ ಬೇರೆ ಕರಗಿಸಿ ತುತ್ತದ ನೀರನ್ನ ಸುಣ್ಣದ ನೀರಿಗೆ ಹೊಯ್ತಾ ಕದಡ್ಬೇಕು, ಆಮೇಲೆ ಕಬ್ಬಿಣದ ಕತ್ತಿ ಅದ್ದಿ ನೋಡೋದು, ಅದಕ್ಕೆ ಕೆಂಪಗೆ ತಾಮ್ರ ಹಿಡೀತು ಅಂದ್ರೆ ಸುಣ್ಣ ಸಾಲ್ಲಿಲ್ಲ ಅಂತ ಲೆಕ್ಕ. ಇದನ್ನೆಲ್ಲ ಕುರ್ಚಿಲಿ ಕೂತು ಕೇಳೋದು ಯಜಮಾನ್ರು. ಎಷ್ಟೋ ಮನೇಲಿ ಸುಣ್ಣ ಕರಗಿಸಿ ಸೋಸೋದು ಹೆಂಗಸ್ರು, ಮರ ಹತ್ತಿ ಹೊಡೆಯೋದು ಅಡಿಕೆ ಕೊನೆ ಕೊಯ್ಯೋ ಕೊನೆಗೌಡ!

ಕರೆಯೋದು ಪಹಣಿ ನೋಡಿ ಅಲ್ದಾ, ಮತ್ತೆಂತ ಆಗ್ತದೆ. 2015-16ರ ಕೃಷಿ ಗಣತಿಲಿ ದೇಶದ ಹಿಡುವಳಿಗಳಲ್ಲಿ ಹೆಂಗಸ್ರ ಕೈಲಿ ಇದ್ದಿದ್ದು ಹತ್ತಿರ ಹತ್ತಿರ 14 ಪರ್ಸೆಂಟ್ ಅಷ್ಟೇ. 1970ರ ದಶಕದಲ್ಲಿ ವಿಶ್ವಬ್ಯಾಂಕ್ ಹಬ್ಬಿಸಿದ 'ತರಬೇತಿ ಮತ್ತು ಭೇಟಿ' ಪದ್ಧತಿಲಿ ಊರಲ್ಲಿ ಕೆಲವು ರೈತರಿಗೆ ಹೇಳಿದ್ರೆ ಅವ್ರಿಂದ ಉಳಿದವ್ರಿಗೆ ತಾನಾಗೇ ಹೋಗ್ತದೆ ಅಂತ ನಂಬ್ಕೊಂಡಿದ್ರು. ಗಂಡನಿಂದ ಹೆಂಡ್ತಿಗೂ ಹೋಗ್ತದಂತೆ! ಸಂತೆ ಸಾಮಾನಿನ ಚೀಟಿನೇ ಅರ್ಧ ಮರೆತು ಬರೋರು, ಬೋರ್ಡೋ ಅಳತೆ ನೆನಪಿಟ್ಕೊಂಡು ಮನೆಗೆ ತಂದು ಹೇಳ್ತಾರಾ.

1989ರಲ್ಲಿ ಇಂಡೋನೇಷ್ಯಾದಲ್ಲಿ ಭತ್ತದ ಜಿಗಿಹುಳು ಕಾಟಕ್ಕೆ ಅಂತ ರೈತರ ಕ್ಷೇತ್ರ ಪಾಠಶಾಲೆ ಶುರುವಾಯ್ತು, ಅಲ್ಲಿ ಭಾಷಣ ಕಮ್ಮಿ, ಗದ್ದೆಗೇ ಇಳಿದು ಹುಳ ಎಷ್ಟು, ಹುಳ ತಿನ್ನೋ ಜೇಡ ಎಷ್ಟು ಅಂತ ಎಣಿಸಿ ಮದ್ದು ಹೊಡೀಬೇಕಾ ಬೇಡ್ವಾ ಅಂತ ರೈತರೇ ತೀರ್ಮಾನ ಮಾಡೋದು. ಪದ್ಧತಿ ಚೆನ್ನಾಗೇ ಇದೆ. ಆದ್ರೆ ವಾರ ವಾರ ಬೆಳಿಗ್ಗೆ ಅಂತಿಟ್ರೆ ಕೊಟ್ಟಿಗೆ, ಅಡಿಗೆ ಬಿಟ್ಟು ಯಾರು ಬರ್ತಾರೆ?

ಹೆಂಗಸ್ರಿಗೆ ಕಲಿಸಿದ್ರೆ ಬೇರೆಯವ್ರಿಗೆ ಹೇಳಿಕೊಡೋಕೆ ಆಗಲ್ಲ ಅನ್ನೋರಿಗೆ ಆಫ್ರಿಕಾದ ಮಲಾವಿಯ ಒಂದು ಪ್ರಯೋಗ ಹೇಳ್ಬೇಕು, ಅಲ್ಲಿ ಹೆಂಗಸ್ರು ಹೊಸ ವಿಧಾನನ ಗಂಡಸ್ರಷ್ಟೇ ಚೆನ್ನಾಗಿ ಕಲಿತ್ರು, ನೆನಪಲ್ಲೂ ಇಟ್ಕೊಂಡ್ರು, ಊರವ್ರೇ 'ಇವ್ರಿಗೆ ಎಂತ ಗೊತ್ತು' ಅಂತ ಕಿವಿ ಕೊಡ್ಲಿಲ್ಲ. ಕೊರತೆ ಕೇಳೋರದ್ದು ಮಾರಾಯ್ರೆ.

ಇನ್ನೊಂದು, ಯಾರಿಗೆ ಎಷ್ಟು ಗೊತ್ತು ಅಂತ ಅಳೆಯೋ ಪ್ರಶ್ನೆಪತ್ರಿಕೆ ಮೇಲೇ ನಂಗೆ ಅನುಮಾನ. ಕುಮಟಾ ಹತ್ರ ಅಘನಾಶಿನಿ ಹೊಳೆ ಪಕ್ಕದ ಗಜನಿಲಿ, ಅಂದ್ರೆ ಉಪ್ಪುನೀರು ನುಗ್ಗೋ ತಗ್ಗು ಗದ್ದೆಲಿ, ಕಗ್ಗ ಭತ್ತ ಬೆಳೀತಾರಲ್ಲ, ಉಪ್ಪುನೀರು ತಡ್ಕೊಳ್ಳೋ ತಳಿ, ಗೊಬ್ಬರನೂ ಕೇಳಲ್ಲ. ಅಲ್ಲಿನ ಹೆಂಗಸ್ರ ಹತ್ರ ಎಕರೆಗೆ ಯೂರಿಯಾ ಎಷ್ಟು ಅಂತ ಕೇಳಿದ್ರೆ ಮಾರ್ಕು ಸೊನ್ನೆ. ಬೀಜಕ್ಕೆ ಯಾವ ತೆನೆ ಎತ್ತಿಡ್ಬೇಕು, ಎಷ್ಟು ಮಳೆ ಬಿದ್ದು ಉಪ್ಪು ತೊಳೆದ್ಮೇಲೆ ಬಿತ್ತಬೇಕು ಅಂತ ಕೇಳಿ ನೋಡಿ, ಆಗ ಪ್ರಶ್ನೆಪತ್ರಿಕೆ ತಂದ ಆಫೀಸರೇ ನೋಟ್ಸ್ ಬರ್ಕೊಳ್ಬೇಕಾಗ್ತದೆ.