ಬೆಂಗಳೂರಿನ ಬಸ್ಸು ಹತ್ತುವ ಮೊದಲು

ಸಕಲೇಶಪುರದ ಕಡೆಯ ಒಂದು ಕಾಫಿ ತೋಟದಿಂದ ಎಂಟು ವರ್ಷದ ಮೊಮ್ಮಗನನ್ನು ಕರೆದುಕೊಂಡು ಹಾಸನಕ್ಕೆ ಬಂದಿದ್ದ ಅಜ್ಜಿಯೊಬ್ಬರು, ಕುರ್ಚಿಯಲ್ಲಿ ಕೂರುವ ಮೊದಲೇ ಪ್ಲಾಸ್ಟಿಕ್ ಚೀಲದಿಂದ ದಪ್ಪನೆಯ ಫೈಲೊಂದನ್ನು ತೆಗೆದು ನನ್ನ ಮೇಜಿನ ಮೇಲಿಟ್ಟರು. ಅದರಲ್ಲಿ ತಲೆಯ ಸ್ಕ್ಯಾನ್, ಇಇಜಿ (ಮಿದುಳಿನ ವಿದ್ಯುತ್ ಚಟುವಟಿಕೆಯ ಪರೀಕ್ಷೆ), ರಕ್ತಪರೀಕ್ಷೆಯ ವರದಿಗಳು, ಬೆಂಗಳೂರಿನ ಎರಡು ಆಸ್ಪತ್ರೆಗಳ ಚೀಟಿಗಳು ಇದ್ದವು. ಹುಡುಗನ ಕೊರಳಲ್ಲಿ ಎರಡು ತಾಯತಗಳಿದ್ದವು. "ಎಲ್ಲಾ ಕಡೆ ತೋರ್ಸಿದ್ವಿ ಸಾರ್, ಏನೂ ಇಲ್ಲ ಅಂತಾರೆ. ಏನೂ ಇಲ್ದೆ ಹಿಂಗ್ಯಾಕ್ ಆಡ್ತಾನೆ?" ಎಂದು ಅವರು ಕೇಳಿದರು. (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.) ಅಷ್ಟೂ ಕಾಗದಗಳಲ್ಲಿ, ಹುಡುಗ ಯಾವ ಹೊತ್ತಿನಲ್ಲಿ ಕೆರಳುತ್ತಾನೆ, ಅದಕ್ಕೆ ಮುಂಚೆ ಏನು ನಡೆದಿರುತ್ತದೆ, ಆಮೇಲೆ ಮನೆಯವರು ಏನು ಮಾಡುತ್ತಾರೆ ಎಂಬುದನ್ನು ಯಾರೂ ಬರೆದಿರಲಿಲ್ಲ.

ಮಕ್ಕಳ ವರ್ತನೆಯ ತೊಂದರೆಗಳಲ್ಲಿ ಬಹುಪಾಲು ಸ್ಕ್ಯಾನ್‌ನಲ್ಲಿ ಕಾಣುವಂಥವಲ್ಲ. ಎಡಿಎಚ್‌ಡಿ, ಅಂದರೆ ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ ಎಂದು ಹೇಳಬೇಕಾದರೆ ಲಕ್ಷಣಗಳು ಹನ್ನೆರಡು ವರ್ಷಕ್ಕೆ ಮೊದಲೇ ಶುರುವಾಗಿರಬೇಕು, ಮತ್ತು ಮನೆ, ಶಾಲೆ ಹೀಗೆ ಕನಿಷ್ಠ ಎರಡು ಕಡೆ ಕಾಣಿಸಿಕೊಳ್ಳಬೇಕು. ಮನೆಯಲ್ಲಿ ಮಾತ್ರ ಹಟ ಮಾಡಿ ಶಾಲೆಯಲ್ಲಿ ಸುಮ್ಮನಿರುವ ಮಗುವಿನ ಕಥೆಯೇ ಬೇರೆ. ಹಾಗಾಗಿ ತರಗತಿಯ ಶಿಕ್ಷಕರು ಬರೆದುಕೊಟ್ಟ ಅರ್ಧ ಪುಟ ನನಗೆ ಎಂಆರ್‌ಐಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ದುರದೃಷ್ಟವೆಂದರೆ, ಆ ಅರ್ಧ ಪುಟ ಬರೆಯುವ ಬದಲು ಟಿ.ಸಿ. ಬರೆದುಕೊಡುವ ಶಾಲೆಗಳೂ ಇವೆ.

ಹಾಗೆಂದು ದೇಹದ ಪರೀಕ್ಷೆ ಬೇಡವೆಂದಲ್ಲ. ಕಿವಿ, ಕಣ್ಣು, ನಿದ್ರೆ, ರಕ್ತಹೀನತೆ, ಇವಿಷ್ಟನ್ನೂ ಮೊದಲು ನೋಡಲೇಬೇಕು. ವೃತ್ತಿಯ ಆರಂಭದ ದಿನಗಳಲ್ಲಿ, ಪಾಠದ ಮೇಲೆ ಗಮನವೇ ಇಲ್ಲವೆಂದು ಬಂದಿದ್ದ ಒಂದು ಮಗುವನ್ನು ನಾನು ನಾಲ್ಕು ತಿಂಗಳು ಗಮನದ ಕೊರತೆಯೆಂದೇ ನೋಡಿದೆ. ಆಮೇಲೆ ಕಿವಿಯ ವೈದ್ಯರು ಕಿವಿತಮಟೆಯ ಹಿಂದೆ ದ್ರವ ತುಂಬಿಕೊಂಡಿದೆ ಎಂದರು. ಆ ಮಗುವಿಗೆ ಪಾಠ ಸರಿಯಾಗಿ ಕೇಳಿಸುತ್ತಲೇ ಇರಲಿಲ್ಲ. ಮೂಗಿನ ಹಿಂಭಾಗದ ಗ್ರಂಥಿ ಊದಿಕೊಂಡು ರಾತ್ರಿಯಿಡೀ ಗೊರಕೆ ಹೊಡೆಯುವ ಮಗು ಹಗಲು ಸಿಡಿಮಿಡಿಗೊಳ್ಳುತ್ತದೆ. ಕೆಲವು ಕ್ಷಣ ಕಣ್ಣು ನೆಟ್ಟು ಶೂನ್ಯ ನೋಡುವ ಮಗುವಿಗೆ ಒಂದು ಬಗೆಯ ಮೂರ್ಛೆರೋಗ ಇರಬಹುದು. ಇಇಜಿ ನಿಜವಾಗಿ ಬೇಕಾಗುವುದು ಅಂಥಲ್ಲಿ.

ಇನ್ನು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ. ನಮ್ಮ ಜಿಲ್ಲೆಯ ಹೆಚ್ಚಿನ ಪೋಷಕರಿಗೆ ಇದಕ್ಕೆ ಒಂದೇ ಉತ್ತರ ಗೊತ್ತು, ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆ. ಅಲ್ಲಿನ ಮಕ್ಕಳ ಮನೋವೈದ್ಯಕೀಯ ವಿಭಾಗದ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಹಾಸನದಿಂದಲೇ ಸುಮಾರು 185 ಕಿ.ಮೀ. ದೂರದಲ್ಲಿರುವ ಊರಿಗೆ ದಿನಗೂಲಿಯ ಕುಟುಂಬವೊಂದು ಹದಿನೈದು ದಿನಕ್ಕೊಮ್ಮೆ ಹೋಗಿಬರಲಾರದು, ಮತ್ತು ಮಕ್ಕಳ ಚಿಕಿತ್ಸೆಯಲ್ಲಿ ಕೆಲಸ ನಡೆಯುವುದು ಹೀಗೆ ಮತ್ತೆ ಮತ್ತೆ ಬರುವುದರಿಂದಲೇ. ಒಮ್ಮೆ ಹೋಗಿ, ರೋಗದ ಹೆಸರೊಂದನ್ನು ಬರೆಸಿಕೊಂಡು ಬಂದು, ಆಮೇಲೆ ಎರಡು ವರ್ಷ ಏನನ್ನೂ ಮಾಡದೆ ಕುಳಿತವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಕಲಿತ ಮಾತನ್ನು ಕಳೆದುಕೊಳ್ಳುತ್ತಿರುವ ಮಗು, ಮೂರ್ಛೆಯ ಜೊತೆಗೆ ವರ್ತನೆಯೂ ಕೆಟ್ಟಿರುವ ಮಗು, ಇಲ್ಲಿನ ಚಿಕಿತ್ಸೆಗೆ ಬಗ್ಗದ ಮಗು, ಇವರನ್ನು ನಾವೇ ಪತ್ರ ಕೊಟ್ಟು ಅಲ್ಲಿಗೆ ಕಳಿಸುತ್ತೇವೆ.

ಉಳಿದವರಿಗೆ ಹತ್ತಿರದಲ್ಲೇ ಬಾಗಿಲುಗಳಿವೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡವು ವರ್ಷಕ್ಕೆ ಎರಡು ಸಲ ಅಂಗನವಾಡಿಗೆ, ಒಂದು ಸಲ ಸರ್ಕಾರಿ ಶಾಲೆಗೆ ಬಂದು ಮಕ್ಕಳನ್ನು ನೋಡಬೇಕು. ಬೆಳವಣಿಗೆ ಕುಂಠಿತವಾಗಿದೆ ಎಂಬ ಅನುಮಾನವಿದ್ದರೆ ಅಂಗನವಾಡಿ ಕಾರ್ಯಕರ್ತೆಗೆ ಮೊದಲೇ ಹೇಳಿಡಿ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದಂದು ಮನೋವೈದ್ಯರನ್ನು ಕಾಣುವ ಏರ್ಪಾಡಿದೆ. ಯಾವ ಮಂಗಳವಾರವೆಂದು ಹಿಂದಿನ ದಿನವೇ ವಿಚಾರಿಸಿಕೊಂಡರೆ ಬಸ್ಸಿನ ಖರ್ಚು ಉಳಿಯುತ್ತದೆ. ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗವಿದೆ. ಮಾತು ತಡವಾಗಿರುವ ಮಕ್ಕಳಿಗೆ ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆ ಬೆಂಗಳೂರಿಗಿಂತ ಹತ್ತಿರ. ಎಲ್ಲಿಗೂ ಹೊರಡಲಾಗದ ದಿನ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು; 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಆ ಸೇವೆಗೆ ಹಣ ಕೊಡಬೇಕಿಲ್ಲ. ಖಾಸಗಿಯಾಗಿ 'ಥೆರಪಿ' ಕೊಡುವವರ ಬಳಿ ಹೋಗುವವರು, ಅವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಎಂದು ಸಂಕೋಚವಿಲ್ಲದೆ ಕೇಳಬೇಕು. ಆಟಿಸಂ ಅನ್ನು ಆರು ತಿಂಗಳಲ್ಲಿ ಪೂರ್ತಿ ವಾಸಿ ಮಾಡುತ್ತೇವೆ ಎನ್ನುವವರಿಗೆ ಏನನ್ನೂ ಕೇಳಬೇಕಾಗಿಲ್ಲ, ಎದ್ದು ಬಂದರಾಯಿತು.

ಅಜ್ಜಿಗೆ ನಾನು ಆ ದಿನ ಮಾತ್ರೆ ಬರೆಯಲಿಲ್ಲ. ಎರಡು ವಾರ ಹುಡುಗ ಕೆರಳಿದ ಹೊತ್ತನ್ನೆಲ್ಲ ಬರೆದಿಡಲು ಹೇಳಿದೆ. ಅವರಿಗೆ ಓದುಬರಹ ಬಾರದು. ಏಳನೇ ತರಗತಿಯ ಮೊಮ್ಮಗಳು ಹಳೆಯ ಕ್ಯಾಲೆಂಡರ್ ಹಾಳೆಗಳ ಹಿಂಬದಿಯಲ್ಲಿ ಪೆನ್ಸಿಲ್‌ನಿಂದ ಬರೆದುಕೊಟ್ಟಿದ್ದಳು. ಹದಿನೇಳು ಗಲಾಟೆಗಳಲ್ಲಿ ಹದಿಮೂರು ಸಂಜೆ ಆರರಿಂದ ಏಳೂವರೆಯೊಳಗೆ, ಹೋಂವರ್ಕ್ ಹೊತ್ತಿನಲ್ಲಿ ಆಗಿದ್ದವು. ಒಂದರ ಮುಂದೆ ಆಕೆ ಬರೆದದ್ದು: "ಅಪ್ಪ ಬೈದ, ಇವನು ಪುಸ್ತಕ ಒಲೆಗೆ ಹಾಕಿದ, ಅಮ್ಮ ಮೊಬೈಲ್ ಕೊಟ್ಟಳು." ಇಡೀ ಫೈಲಿನಲ್ಲಿ ಇಲ್ಲದ್ದು ಈ ಒಂದು ಸಾಲಿನಲ್ಲಿತ್ತು. ಪುಸ್ತಕ ಎಸೆದರೆ ಓದು ತಪ್ಪುತ್ತದೆ, ಮೇಲಾಗಿ ಮೊಬೈಲೂ ಸಿಗುತ್ತದೆ ಎಂಬುದನ್ನು ಮನೆಯವರೇ, ತಮಗೆ ತಿಳಿಯದೆ, ಹುಡುಗನಿಗೆ ಕಲಿಸಿದ್ದರು. ಓದು ಅಷ್ಟು ಕಷ್ಟವೇಕೆ ಎಂದು ನೋಡಿದಾಗ, ಮೂರನೇ ತರಗತಿಯಲ್ಲಿದ್ದೂ ಅವನಿಗೆ ಒತ್ತಕ್ಷರಗಳು ಹತ್ತುತ್ತಿರಲಿಲ್ಲ.

ಇಂಥಲ್ಲಿ ಚಿಕಿತ್ಸೆ ಮೊದಲು ದೊಡ್ಡವರಿಗೆ. ಪೋಷಕರ ತರಬೇತಿ ಎಂದರೆ ಉಪದೇಶವಲ್ಲ; ಒಂದು ಸಲಕ್ಕೆ ಒಂದೇ ಮಾತು ಹೇಳುವುದು, ಹೇಳಿದ್ದನ್ನು ಮಾಡಿದ ಕೂಡಲೇ ಮೆಚ್ಚುವುದು, ದಿನಕ್ಕೆ ಹತ್ತು ನಿಮಿಷ ಮಗು ಆರಿಸಿದ ಆಟವನ್ನು ತಪ್ಪು ತಿದ್ದದೆ ಆಡುವುದು, ಕಿರುಚಾಟಕ್ಕೆ ಬಹುಮಾನ ಸಿಗದಂತೆ ನೋಡಿಕೊಳ್ಳುವುದು, ಇವನ್ನು ನಮ್ಮೆದುರೇ ಮಾಡಿ ಕಲಿಯುವುದು. ಆರು ವರ್ಷದೊಳಗಿನ ಮಕ್ಕಳಲ್ಲಿ ಎಡಿಎಚ್‌ಡಿಗೂ ಇದೇ ಮೊದಲ ಚಿಕಿತ್ಸೆ. ಅದಕ್ಕಿಂತ ದೊಡ್ಡ ಮಕ್ಕಳಿಗೆ ಮೀಥೈಲ್‌ಫೆನಿಡೇಟ್‌ನಂಥ ಔಷಧ ಬೇಕಾದಾಗ ಅದು ನಿದ್ದೆಮಾತ್ರೆಯಲ್ಲ ಎಂಬುದನ್ನು ತಿಳಿದಿರಬೇಕು. ಹಸಿವು ತಗ್ಗಬಹುದಾದ್ದರಿಂದ ತೂಕ, ಎತ್ತರ, ರಕ್ತದೊತ್ತಡವನ್ನು ನಾವು ನೋಡುತ್ತಿರುತ್ತೇವೆ.

ಓದುಬರಹ ಹತ್ತದಂಥ ಕಲಿಕಾ ನ್ಯೂನತೆಯು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಒಂದು. ಎಂಟು ವರ್ಷ ತುಂಬಿದ ಮೇಲೆ ಅದರ ಪ್ರಮಾಣಪತ್ರ ಪಡೆಯಬಹುದು, ಮುಂದೆ ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯದಂಥ ಅನುಕೂಲಕ್ಕೆ ಅದು ಬೇಕಾಗುತ್ತದೆ. 'ಅಂಗವಿಕಲ' ಎಂಬ ಶಬ್ದಕ್ಕೆ ಹೆದರಿ ಬೇಡವೆನ್ನುವ ತಂದೆಯಂದಿರು ಹತ್ತನೇ ತರಗತಿಯ ಜನವರಿಯಲ್ಲಿ ಓಡಿಬರುತ್ತಾರೆ.

ಗಲಾಟೆ ಮಾಡುವ ಮಗುವನ್ನಾದರೂ ಯಾರೋ ಕರೆತರುತ್ತಾರೆ. ಸುಮ್ಮನಾಗುವ ಮಗುವಿನ ಕಡೆ ಯಾರ ಗಮನವೂ ಹೋಗುವುದಿಲ್ಲ. ಪ್ರತಿ ಸೋಮವಾರ ಹೊಟ್ಟೆನೋವೆನ್ನುವ, ಊಟ ಬಿಟ್ಟ, ಗೆಳತಿಯರೊಡನೆ ಮಾತು ಬಿಟ್ಟ ಹದಿನಾಲ್ಕರ ಹುಡುಗಿಯನ್ನು 'ವಯಸ್ಸಿಗೆ ಬಂದಿದ್ದಾಳೆ' ಎಂದು ಬಿಟ್ಟುಬಿಡುವುದು ಸರಿಯಲ್ಲ. ಸಾಯುವ ಮಾತು ಬಂದರೆ ಮಂಗಳವಾರಕ್ಕೆ ಕಾಯದೆ ಅದೇ ದಿನ ಆಸ್ಪತ್ರೆಗೆ ಬರಬೇಕು, ಮತ್ತು ತೋಟದ ಮನೆಗಳಲ್ಲಿ ಕೈಗೆಟಕುವಂತೆ ಇಟ್ಟಿರುವ ಕಳೆನಾಶಕ, ಕೀಟನಾಶಕಗಳಿಗೆ ಬೀಗ ಬೀಳಬೇಕು. ಪೊಲೀಸ್ ಕೇಸಾಗುತ್ತದೆಂಬ ಭಯದಿಂದ ತಡಮಾಡುವವರು ತಿಳಿಯಬೇಕಾದದ್ದು, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ 2017ರ ಮಾನಸಿಕ ಆರೋಗ್ಯ ಕಾಯ್ದೆ ಭಾವಿಸುತ್ತದೆ.

ಆ ಹುಡುಗನ ಹೋಂವರ್ಕನ್ನು ಶಿಕ್ಷಕಿ ಅರ್ಧಕ್ಕಿಳಿಸಿದ್ದಾರೆ, ಅಕ್ಕನೇ ಒತ್ತಕ್ಷರ ಹೇಳಿಕೊಡುತ್ತಿದ್ದಾಳೆ. ಕಳೆದ ಸಲ ತಂದ ಹಾಳೆಯಲ್ಲಿ ಎರಡು ವಾರಕ್ಕೆ ಒಂಬತ್ತು ಗಲಾಟೆಗಳಿದ್ದವು. ತಾಯತ ಕೊರಳಲ್ಲೇ ಇದೆ, ಅದನ್ನು ತೆಗೆಯಿರೆಂದು ನಾನು ಹೇಳಿಲ್ಲ. ಹಣ್ಣು ಕೊಯ್ಲು ಶುರುವಾದರೆ ಮನೆಯವರಿಗೆ ಒಂದು ದಿನವೂ ಬಿಡುವಿರುವುದಿಲ್ಲವಾದ್ದರಿಂದ, ಅಲ್ಲಿಯವರೆಗಿನ ಭೇಟಿಗಳನ್ನು ಸಂತೆಯ ದಿನಕ್ಕೆ ಹೊಂದಿಸಿದ್ದೇವೆ. ಆಮೇಲಿನ ಎರಡು ತಿಂಗಳು ಆ ಹುಡುಗಿ ಹಾಳೆಯ ಫೋಟೊ ತೆಗೆದು ಕಳಿಸುತ್ತಾಳೆ, ನಾನು ರಾತ್ರಿ ಎಂಟರ ಮೇಲೆ ಫೋನ್ ಮಾಡುತ್ತೇನೆ.